ಮೀಸೆಯಲ್ಲಿ ಮೂಗು

ಮೇ ತಿಂಗಳಲ್ಲಿ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಯಾರ ಮನೆಗೆ ಹೋದ್ರೂ ಅಡುಗೆಮನೆ ಮೂಲೆಯಲ್ಲಿ ಒಂದು ಬುಟ್ಟಿ ಕಾಟುಮಾವಿನಹಣ್ಣು, ಅದರ ಮೇಲೆ ನೊರಜು ಅಂದ್ರೆ ಹಣ್ಣಿಗೆ ಮುತ್ತುವ ಪುಟ್ಟ ನೊಣ, ಇದು ಪಂಚಾಯತ್ ಆರ್ಡರ್ ಇದ್ದ ಹಾಗೆ. ಕಿಟಕಿಗೆ ಬಲೆ ಹಾಕಿಸಿದವರ ಮನೆಯಲ್ಲೂ ಉಂಟು, ಯಾಕಂದ್ರೆ ಮೊಟ್ಟೆಯನ್ನು ಹಣ್ಣಿನೊಟ್ಟಿಗೆ ನಾವೇ ಹೊತ್ತು ತಂದಿರ್ತೇವೆ, ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ನೊಣ ಆಗ್ಲಿಕ್ಕೆ ಹೆಚ್ಚುಕಮ್ಮಿ 10 ದಿನ ಸಾಕು, ಆಮೇಲೆ "ಇದು ಎಲ್ಲಿಂದ ಬಂತು ಮಾರಾಯ್ರೆ" ಅಂತ ಆಶ್ಚರ್ಯ ಬೇರೆ.

ಮಾವಿನಹಣ್ಣು ಕೊಯ್ದಾಗ ಚಂಗನೆ ಹಾರುವ ಬಿಳಿ ಹುಳಕ್ಕೂ ಇದಕ್ಕೇ ಬೈಯುವವರಿದ್ದಾರೆ, ಅದು ಅನ್ಯಾಯ. ಅದು ಬೇರೆ ದೊಡ್ಡ ನೊಣದ ಸಂತಾನ, ಮರದಲ್ಲೇ ಕಾಯಿಗೆ ಚುಚ್ಚಿ ಮೊಟ್ಟೆ ಇಡುವ ಜಾತಿ. ನಮ್ಮ ನೊರಜಿಗೆ ಒಳ್ಳೆ ಗಟ್ಟಿ ಹಣ್ಣು ಬೇಡವೇ ಬೇಡ. ಹುಳಿ ಬರ್ಲಿಕ್ಕೆ ಶುರುವಾದ ಹಣ್ಣಿನ ಈಸ್ಟ್ ಅದರ ಊಟ. ಈಸ್ಟು ಸಕ್ಕರೆಯನ್ನು ಮದ್ಯ ಮಾಡ್ತದೆ, ಗಾಳಿ ತಾಗಿದ್ರೆ ಬ್ಯಾಕ್ಟೀರಿಯಾ ಬಂದು ಮದ್ಯವನ್ನು ಸುರ್ಕ, ಅಂದ್ರೆ ವಿನೆಗರ್ ಮಾಡ್ತದೆ, ಆ ವಾಸನೆ ಬಂತು ಅಂದ್ರೆ ನೊರಜಿಗೆ ಎಲೆ ಹಾಕಿದ್ದಾರೆ ಅಂತಲೇ ಅರ್ಥ. ವಾಸನೆ ಹಿಡಿಯುವುದು ಮಾತ್ರ ಮುಖ್ಯವಾಗಿ ಮೀಸೆಯಲ್ಲಿ!

ನಮ್ಮ ಅಜ್ಜಿಯಂದಿರ ಕೆಲಸ ಎಲ್ಲ ಆ ವಾಸನೆ ಬರುವ ಮೊದಲೇ ಮುಗಿಸುವುದು. ಹಲಸಿನ ಹಣ್ಣಿಗೆ ಬೆಲ್ಲ ಹಾಕಿ ನೀರು ಆರುವವರೆಗೆ ಕಾಯಿಸಿದ್ರೆ ಬೆರಟಿ, ಕಾಯಿಸೊಳೆಗೆ ಉಪ್ಪು ಹಾಕಿ ಭರಣಿಗೆ ತುಂಬಿದ್ರೆ ಉಪ್ಪುಸೊಳೆ. ಮಾಂಬಳದ ಕತೆ ಚಂದ. ಚಾಪೆ ಮೇಲೆ ಮಾವಿನ ರಸ ಹೊಯ್ದು ಒಣಗಿಸಿ, ಮರುದಿನ ಅದರ ಮೇಲೆಯೇ ಇನ್ನೊಂದು ಪದರ, ಹೀಗೆ ದಪ್ಪ ಆಗುವವರೆಗೆ, ಆದ್ರೆ ಸಂಜೆಗೆ ಮೊದಲು ಚಾಪೆ ಒಳಗೆ ಬರ್ಲೇಬೇಕು ಅಂತ ಸ್ಟ್ರಿಕ್ಟ್. ಹಿಮ ಬೀಳ್ತದೆ ಅಂತ ಹೇಳುವುದು, ಸರಿಯೇ, ಆದ್ರೆ ನೊರಜು ಚುರುಕಾಗುವುದೂ ಬೆಳಗ್ಗೆ ಮತ್ತು ಮುಸ್ಸಂಜೆಗೆ, ನಡುಮಧ್ಯಾಹ್ನದ ಬಿಸಿಲಲ್ಲಿ ಅದು ಎಲ್ಲೋ ನೆರಳಲ್ಲಿ ಬಿದ್ಕೊಂಡಿರ್ತದೆ. ಅದರ ಮೈಯೊಳಗಿನ ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದದ್ದಕ್ಕೇ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಮೈಸೂರು ಯೂನಿವರ್ಸಿಟಿಯಲ್ಲೂ ಇದನ್ನು ಬಾಟ್ಲಿಯಲ್ಲಿ ಸಾಕುವ ಸೆಂಟರ್ ಉಂಟು. ನಾವು ಹೊಡೆದು ಓಡಿಸುವುದಕ್ಕೆ ಅಲ್ಲಿ ಊಟ ಹಾಕ್ತಾರೆ.

ಸುರ್ಕ ಮೊದಲೆಲ್ಲ ನಮ್ಮಂಥವರ ಅಡುಗೆಮನೆಗೆ ಬರ್ತಿರ್ಲಿಲ್ಲ, ಬೇಳದ ಕಡೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರ ಮನೆಯಲ್ಲಿ ಕಳ್ಳು ಹುಳಿಸಿದ್ದು ಇರ್ತಿತ್ತು, ನಮ್ಮಲ್ಲಿ ಹುಳಿ ಅಂದ್ರೆ ಪುನರ್ಪುಳಿ, ಅಂಬಟೆ, ನಿಂಬೆ. ಈಗ ಗೋಬಿ ಮಂಚೂರಿ ಪುಣ್ಯದಿಂದ ಎಲ್ಲರ ಶೆಲ್ಫಲ್ಲೂ ಒಂದು ಬಿಳಿ ಬಾಟ್ಲಿ. ನೊರಜು ಹಿಡಿಯಲು ಗ್ಲಾಸಲ್ಲಿ ವಿನೆಗರ್ ಹಾಕಿ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬಿಡಿ ಅಂತ ಎಲ್ಲರೂ ಹೇಳ್ತಾರೆ, ಸೋಪು ಬಿದ್ರೆ ನೀರಿನ ಮೇಲ್ಮೈ ಬಿಗಿ ಸಡಿಲ ಆಗಿ ಅದಕ್ಕೆ ನಿಲ್ಲಲಿಕ್ಕೆ ಆಗದೆ ಮುಳುಗ್ತದೆ, ಅದು ಸತ್ಯ. ಆದ್ರೆ ಆ ಬಿಳಿ ಬಾಟ್ಲಿಯ ಲೇಬಲ್ ಓದಿ, ಸಿಂತೆಟಿಕ್ ಅಂತ ಬರೆದಿದ್ರೆ ಅದು ನೀರು ಬೆರೆಸಿದ ಅಸಿಟಿಕ್ ಆಸಿಡ್ ಮಾತ್ರ, ಅದರಲ್ಲಿ ಹಣ್ಣೂ ಇಲ್ಲ ಕಳ್ಳೂ ಇಲ್ಲ. ಪಕ್ಕದಲ್ಲಿ ಕಾಟುಮಾವಿನ ಬುಟ್ಟಿ ಇರುವಾಗ ನೊರಜು ಆ ಗ್ಲಾಸಿಗೆ ಯಾಕೆ ಹೋಗ್ಬೇಕು ಹೇಳಿ? ಕೊಳೆತ ಹಣ್ಣಿನ ಒಂದು ಚೂರು ಹಿಚುಕಿ ಹಾಕಿದ್ರೆ ಬರ್ತದೆ. ಗೋಬಿಗೆ ಮಾತ್ರ ನಾವು ಅದೇ ಬಿಳಿ ಬಾಟ್ಲಿ ಹೊಯ್ಯುವುದು.