ದೈತ್ಯ ಮಾನವನ ಅಸ್ಥಿಪಂಜರ: ಸತ್ಯಾಂಶ ಏನು?

ಅಗೆದ ಗುಂಡಿಯಲ್ಲಿ ಮಲಗಿರುವ ದೈತ್ಯ ಮನುಷ್ಯನ ಅಸ್ಥಿಪಂಜರ, ಪಕ್ಕದಲ್ಲಿ ಗೊಂಬೆಯಷ್ಟು ಕಾಣುವ ಕೆಲಸಗಾರ. ಈ ಚಿತ್ರ ಮತ್ತೆ ಮತ್ತೆ ಮೊಬೈಲಿಗೆ ಬರುತ್ತದೆ. ನೋಡಿದವರು ಬೆರಗಾಗುವುದು ಸಹಜ. ಆದರೆ ಇದು ಪಳೆಯುಳಿಕೆಯಲ್ಲ. ಹೆಚ್ಚು ಹರಿದಾಡುವ ಚಿತ್ರವನ್ನು 2002ರಲ್ಲಿ ಫೋಟೊ ತಿದ್ದುವ ಸ್ಪರ್ಧೆಯೊಂದಕ್ಕಾಗಿ ಮಾಡಲಾಗಿತ್ತು. ಹಿನ್ನೆಲೆಯಲ್ಲಿರುವುದು 2000ದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆನೆಯ ದೂರದ ಸಂಬಂಧಿ ಮ್ಯಾಸ್ಟಡಾನ್ ಮೂಳೆಗಳಿಗಾಗಿ ನಡೆದ ಉತ್ಖನನ.

ಚಿತ್ರ ಬದಿಗಿರಲಿ, ಲೆಕ್ಕವೇ ಕೂಡಿಬರುವುದಿಲ್ಲ. ಆಕಾರ ಹಾಗೇ ಇದ್ದು ಎತ್ತರ 10 ಪಟ್ಟಾದರೆ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ 100 ಪಟ್ಟಾಗುತ್ತದೆ, ತೂಕ ಮಾತ್ರ 1000 ಪಟ್ಟು. ಅಂದರೆ ಮೂಳೆಯ ಪ್ರತಿ ಚದರ ಸೆಂಟಿಮೀಟರಿಗೂ 10 ಪಟ್ಟು ಭಾರ. ಓಡುವುದಿರಲಿ, ಎಡವಿದರೂ ತೊಡೆಮೂಳೆ ಮುರಿದೀತು. ಆನೆಯ ಕಾಲುಮೂಳೆ ಕಂಬದಂತೆ ದಪ್ಪ, ನೇರ ಇರುವುದು ಇದಕ್ಕೇ. ಚಿತ್ರದ ದೈತ್ಯನಿಗೋ ನಮ್ಮಂಥದೇ ತೆಳು ಮೂಳೆಗಳು!

ಇಡೀ ಅಸ್ಥಿಪಂಜರ ಅಷ್ಟು ಅಚ್ಚುಕಟ್ಟಾಗಿ ಸಿಗುವುದೂ ಅಪರೂಪ. ಹರಿಯುವ ನೀರು, ಮಾಂಸಾಹಾರಿ ಪ್ರಾಣಿಗಳು ಮೂಳೆಗಳನ್ನು ಚದುರಿಸುತ್ತವೆ. ಮೇಲಿನ ಪದರಗಳ ಭಾರಕ್ಕೆ ತಲೆಬುರುಡೆ ಹಲವು ಬಾರಿ ಚಪ್ಪಟೆಯಾಗಿರುತ್ತದೆ.

ನೀವೇ ಪರೀಕ್ಷಿಸಬೇಕೆಂದರೆ ಚಿತ್ರವನ್ನು, ಅದೇ ಚಿತ್ರ ಅಂತರ್ಜಾಲದಲ್ಲಿ ಬೇರೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಕೊಡಿ. ಟಿನ್‌ಐನಲ್ಲಿ ಹಳೆಯ ಪ್ರತಿ ಮೊದಲು ಬರುವಂತೆ ಜೋಡಿಸಬಹುದು. ಆಮೇಲೆ ಚಿತ್ರ ಹಿಗ್ಗಿಸಿ ನೆರಳು ನೋಡಿ: ಕೆಲಸಗಾರನದು ಎಡಕ್ಕೆ, ಪಕ್ಕೆಲುಬಿನದು ಬಲಕ್ಕೆ ಬಿದ್ದಿದ್ದರೆ ಅದು ಒಂದೇ ಬಿಸಿಲಲ್ಲಿ ತೆಗೆದದ್ದಲ್ಲ. ಚಿತ್ರದ ಜೊತೆಗಿನ ಬರಹದಲ್ಲಿ ಶಿಲಾಪದರದ ಹೆಸರು, ಮೂಳೆಗೆ ಕೊಟ್ಟ ಮಾದರಿ ಸಂಖ್ಯೆ, ಮೂಳೆ ಈಗಿರುವ ಸಂಗ್ರಹಾಲಯ ಹುಡುಕಿ. ನಿಜವಾದ ಪಳೆಯುಳಿಕೆಯ ವೈಜ್ಞಾನಿಕ ವರದಿಯಲ್ಲಿ ಸಾಮಾನ್ಯವಾಗಿ ಈ ಮೂರೂ ಇರುತ್ತವೆ.