ಕೊಬ್ಬರಿ ಎಣ್ಣೆ ಕುಡಿದರೆ ಮರೆವು ಹೋಗುತ್ತದೆಯೇ? ಸತ್ಯಾಂಶ ಇಲ್ಲಿದೆ

ಮುಂಬೈ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ದಿನಾ ಖಾಲಿ ಹೊಟ್ಟೆಗೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಕುಡಿದರೆ ನೆನಪನ್ನು ಮೆಲ್ಲಗೆ ಅಳಿಸುವ ಮಿದುಳಿನ ಕಾಯಿಲೆ ಅಲ್ಝೈಮರ್ಸ್ ವಾಸಿಯಾಗುತ್ತದಂತೆ. ಇದು ನಿಜವಲ್ಲ.

ಈ ಮಾತು ಹುಟ್ಟಿದ್ದಕ್ಕೆ ಕಾರಣ ಇದೆ. ಅಲ್ಝೈಮರ್ಸ್ ಬಂದ ಮಿದುಳು ಗ್ಲೂಕೋಸನ್ನು ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಕೆಲವು ಬಗೆಯ ಕೊಬ್ಬಿನಿಂದ ಬರುವ ಕೀಟೋನ್ ಆಗ ಬದಲಿ ಇಂಧನವಾಗಬಹುದು. ಆದರೆ ಕೊಬ್ಬರಿ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ ಎಂಬ ಬಗೆಯ ಕೊಬ್ಬು. ಅದರಿಂದ ಕೀಟೋನ್ ಜಾಸ್ತಿ ಸಿಗುವುದಿಲ್ಲ. ಎರಡು ದೊಡ್ಡ ಚಮಚದಲ್ಲಿ 20 ಗ್ರಾಂಗೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು ಮಾತ್ರ ಖಂಡಿತ ಇರುತ್ತದೆ, ಅದು ಕೊಲೆಸ್ಟ್ರಾಲ್ ಏರಿಸುತ್ತದೆ. ಒಗ್ಗರಣೆಗೆ ಹಾಕುವುದು ಬೇರೆ, ಔಷಧಿ ಅಂತ ಕುಡಿಯುವುದು ಬೇರೆ, ಅಲ್ವಾ?

ಹಾಗಾದರೆ ನಿಜಕ್ಕೂ ಏನು ಮಾಡಬಹುದು? ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ 2024ರ ವರದಿಯಲ್ಲಿ ಡಿಮೆನ್ಷಿಯಾಕ್ಕೆ (ಅಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆಗಳಿಗೆ) ದಾರಿ ಮಾಡುವ, ನಾವು ಬದಲಿಸಬಹುದಾದ 14 ಅಪಾಯಗಳನ್ನು ಹೆಸರಿಸಿದೆ. ಅವೆಲ್ಲ ಹತೋಟಿಗೆ ಬಂದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು 45%ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ಬಿಪಿ, ಶುಗರ್, ಸಿಗರೇಟು, ಒಂಟಿತನ ಅದರಲ್ಲಿವೆ. ಕಿವಿ ಮಂದವಾಗುವುದೂ ಇದೆ. ಟಿವಿ ಸೌಂಡ್ ಏರಿಸುತ್ತಾ, ಮಾತಿನ ನಡುವೆ ಸುಮ್ನೆ ತಲೆಯಾಡಿಸುವ ಅಜ್ಜನಿಗೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮನೆಗಳಲ್ಲಿ ಇದನ್ನೇ ಕಡೆಗಣಿಸುತ್ತೇವೆ ಅನ್ನೋದು ನನಗೆ ನಿಜಕ್ಕೂ ಬೇಸರ.

ಊಟಕ್ಕೆ ಜೋಳದ ರೊಟ್ಟಿ, ಸೊಪ್ಪು, ಕಾಳು, ತಿನ್ನುವವರಿಗೆ ಬಂಗುಡೆ ಒಳ್ಳೆಯದು. ವಡಾಪಾವ್, ಫರ್ಸಾಣ್ ಕಡಿಮೆ ಇರಲಿ. ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಗೆಳೆಯರ ಜೊತೆ ಹರಟುತ್ತಾ ಬಿರುಸಾಗಿ ನಡೆದರೆ ವ್ಯಾಯಾಮವೂ ಆಯ್ತು, ಒಡನಾಟವೂ ಆಯ್ತು.

ಮರೆವು ಹೆಚ್ಚುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ.