ನದಿ ದಾಟಿದ ತಪ್ಪಿಗೆ ಜೈಲು ಬೇಡ

ಫಿಲಡೆಲ್ಫಿಯಾದಿಂದ ನ್ಯೂಜೆರ್ಸಿಗೆ ಹೋಗಬೇಕಾದರೆ ಡೆಲವೇರ್ ನದಿಯ ಒಂದು ಸೇತುವೆ ದಾಟಿದರೆ ಆಯಿತು. ಈ ದಡದಲ್ಲಿ ಪೆನ್ಸಿಲ್ವೇನಿಯಾದ ಪರ್ಮಿಟ್ ಇದ್ದವರು ಗನ್ನನ್ನು ಬ್ಯಾಗಿನಲ್ಲೋ ಸೊಂಟದಲ್ಲೋ ಹೊರಗೆ ಕಾಣದಂತೆ ಇಟ್ಟುಕೊಂಡು ಓಡಾಡಬಹುದು. ಆ ದಡದಲ್ಲಿ ಅದೇ ಪರ್ಮಿಟ್ಟಿಗೆ ಕವಡೆ ಕಿಮ್ಮತ್ತಿಲ್ಲ.

2013ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದ ಒಬ್ಬ ಹೆಂಗಸು, ಗಂಡನ ಆಸರೆಯಿಲ್ಲದೆ ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ತಾಯಿ, ಹೀಗೆ ದಾಟಿ ಹೋಗಿದ್ದರು. ಅಟ್ಲಾಂಟಿಕ್ ಕೌಂಟಿಯಲ್ಲಿ ಟ್ರಾಫಿಕ್ ಕಾರಣಕ್ಕೆ ಪೊಲೀಸರು ಕಾರು ನಿಲ್ಲಿಸಿದಾಗ, ತನ್ನ ಬಳಿ ಗನ್ ಇದೆ, ಪೆನ್ಸಿಲ್ವೇನಿಯಾದ ಪರ್ಮಿಟ್ ಇದೆ ಎಂದು ಅವರೇ ಹೇಳಿದರು. ಮುಚ್ಚಿಟ್ಟಿದ್ದರೆ ಬಹುಶಃ ಮನೆಗೆ ಹೋಗುತ್ತಿದ್ದರು. ನಿಜ ಹೇಳಿದ್ದಕ್ಕೆ ಬಂಧನವಾಯಿತು. ನ್ಯೂಜೆರ್ಸಿಯ ಗ್ರೇವ್ಸ್ ಆಕ್ಟ್ ಪ್ರಕಾರ ವರ್ಷಗಟ್ಟಲೆ ಕಡ್ಡಾಯ ಸೆರೆವಾಸ ಅವರ ತಲೆಯ ಮೇಲೆ ತೂಗುತ್ತಿತ್ತು. ದೇಶದೆಲ್ಲೆಡೆ ಗಲಾಟೆಯಾದ ಮೇಲೆ, 2014ರಲ್ಲಿ ನ್ಯೂಜೆರ್ಸಿಯ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಕಚೇರಿ ಇಂಥ ಪ್ರಕರಣಗಳಲ್ಲಿ ಮೃದುವಾಗಿರಿ ಎಂದು ಪ್ರಾಸಿಕ್ಯೂಟರುಗಳಿಗೆ ಸೂಚನೆ ಕೊಟ್ಟಿತು. 2015ರ ಏಪ್ರಿಲಿನಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ನೀಡಿದರು.

ಪ್ರಕರಣ ಸುದ್ದಿಯಾಗದಿದ್ದರೆ? ಸುದ್ದಿಯಾಗದ ಎಷ್ಟೋ ಜನಕ್ಕೆ ಗವರ್ನರ್ ಎಲ್ಲಿಂದ ಬರಬೇಕು?

ಇಲ್ಲಿ ಗನ್ ವಿಷಯ ಎತ್ತಿದರೆ ಸಾಕು, ಜನ ಎರಡು ಪಾಳೆಯವಾಗುತ್ತಾರೆ. ನಾನು ಬಿಗಿಯಾದ ಗನ್ ಕಾನೂನು ಬೇಕು ಎನ್ನುವ ಪಾಳೆಯದವನು. ಆದರೂ ಈ ಹೆಂಗಸಿಗೆ ಆದದ್ದು ಅನ್ಯಾಯ ಎಂದು ಒಪ್ಪಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಊರಿನಿಂದ ಓದುತ್ತಿರುವವರಿಗೆ ಹಿನ್ನೆಲೆ ಹೇಳುತ್ತೇನೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಅಮೆರಿಕದಲ್ಲಿ ಒಂದು ರಾಜ್ಯದ ಪರ್ಮಿಟ್ಟನ್ನು ಇನ್ನೊಂದು ರಾಜ್ಯ ಒಪ್ಪಲೇಬೇಕು ಎನ್ನುವ ಫೆಡರಲ್ ಕಾನೂನು ಇಲ್ಲ. ಯಾರದನ್ನು ಒಪ್ಪಬೇಕೆಂದು ಆಯಾ ರಾಜ್ಯವೇ ತೀರ್ಮಾನಿಸುತ್ತದೆ. ಕೆಲವು ಎಲ್ಲರದನ್ನೂ ಒಪ್ಪುತ್ತವೆ, ಕೆಲವು ಒಪ್ಪಂದ ಮಾಡಿಕೊಂಡವರದನ್ನು ಮಾತ್ರ. ನ್ಯೂಜೆರ್ಸಿ, ನ್ಯೂಯಾರ್ಕ್‌ನಂಥವು ಯಾರದನ್ನೂ ಒಪ್ಪುವುದಿಲ್ಲ. ಈ ಪಟ್ಟಿ ರಾಜಕೀಯದ ಗಾಳಿ ಬೀಸಿದತ್ತ ತಿರುಗುತ್ತಲೂ ಇರುತ್ತದೆ. 2015ರ ಡಿಸೆಂಬರಿನಲ್ಲಿ ವರ್ಜೀನಿಯಾದ ಅಟಾರ್ನಿ ಜನರಲ್ ಮಾರ್ಕ್ ಹೆರಿಂಗ್ 25 ರಾಜ್ಯಗಳ ಪರ್ಮಿಟ್ಟುಗಳಿಗೆ ಇನ್ನು ಮನ್ನಣೆಯಿಲ್ಲ ಎಂದು ಘೋಷಿಸಿದರು. ಮರು ತಿಂಗಳೇ ಗವರ್ನರ್ ಮೆಕಾಲಿಫ್ ಶಾಸಕರೊಂದಿಗೆ ರಾಜಿ ಮಾಡಿಕೊಂಡು ಅದನ್ನು ಕೈಬಿಡುವುದಾಗಿ ಹೇಳಿದರು. ಕ್ರಿಸ್‌ಮಸ್ ರಜೆಗೆ ಕಾರು ಹತ್ತಿದ ಸಾಮಾನ್ಯ ಮನುಷ್ಯ ಇದನ್ನೆಲ್ಲ ಬೆನ್ನಟ್ಟಿ ಓದುತ್ತಾನೆಯೇ? ವರ್ಮಾಂಟ್‌ನವರ ಪಾಡು ಇನ್ನೂ ವಿಚಿತ್ರ. ಅಲ್ಲಿ ಪರ್ಮಿಟ್ಟೇ ಬೇಕಿಲ್ಲ, ಹಾಗಾಗಿ ರಾಜ್ಯ ಅದನ್ನು ಕೊಡುವುದೂ ಇಲ್ಲ. ಬೇರೆ ರಾಜ್ಯದಲ್ಲಿ ಕೇಳಿದರೆ ತೋರಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಡ್ರೈವಿಂಗ್ ಲೈಸೆನ್ಸ್ ಎಲ್ಲ ರಾಜ್ಯದಲ್ಲೂ ನಡೆಯುತ್ತದೆ, ಇದೂ ನಡೆಯಲಿ ಎನ್ನುತ್ತಾರೆ ಗನ್ ಪರವಾದವರು. ಕೇಳಲು ಸರಿಯೆನಿಸುತ್ತದೆ. ಆದರೆ ಮೊದಲ ಸಲ ಲೈಸೆನ್ಸ್ ಬೇಕೆಂದರೆ ಸಾಮಾನ್ಯವಾಗಿ ಗಾಡಿ ಓಡಿಸಿ ತೋರಿಸಬೇಕು. ಪೆನ್ಸಿಲ್ವೇನಿಯಾದಲ್ಲಿ ಗನ್ ಪರ್ಮಿಟ್ ಪಡೆಯಲು ಯಾವ ತರಬೇತಿಯೂ ಕಡ್ಡಾಯವಲ್ಲ, ಹಿನ್ನೆಲೆ ಪರಿಶೀಲನೆ ಮುಗಿದರೆ ಆಯಿತು. ಗನ್ ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ಹಳೆಯ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಮಾಡಿದ 2022ರ ಬ್ರೂಯೆನ್ ತೀರ್ಪಿನ ನಂತರ ನ್ಯೂಯಾರ್ಕ್ ತಂದ ಕಾನೂನಿನಲ್ಲಿ 16 ಗಂಟೆ ಪಾಠ, 2 ಗಂಟೆ ನಿಜವಾದ ಗುಂಡು ಹಾರಿಸುವ ಅಭ್ಯಾಸ ಬೇಕೇಬೇಕು. ಇವೆರಡೂ ಸಮ ಎನ್ನುವುದು ಹೇಗೆ?

2017ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ ಹೌಸ್ 231–198 ಮತಗಳಿಂದ ಅಂಗೀಕರಿಸಿದ ಎಚ್.ಆರ್. 38 ಮಸೂದೆ ಇವೆರಡನ್ನೂ ಸಮ ಎಂದಿತ್ತು. ಪರ್ಮಿಟ್ಟೇ ಬೇಡದ ರಾಜ್ಯದವರೂ ಗುರುತಿನ ಚೀಟಿ ಹಿಡಿದು ಎಲ್ಲೆಡೆ ಗನ್ ಇಟ್ಟುಕೊಳ್ಳಬಹುದಿತ್ತು. ಮೇಲ್ಮನೆ ಸೆನೆಟ್‌ನಲ್ಲಿ ಅದು ಮುಂದೆ ಸಾಗಲಿಲ್ಲ. 2025ರಲ್ಲಿ ಅದೇ ಸಂಖ್ಯೆ ಹೊತ್ತು ಮತ್ತೆ ಬಂದಿದೆ. ನನ್ನ ವಿರೋಧ ಇರುವುದು ಇಲ್ಲೇ. 2004ರಲ್ಲಿ ಕಾಂಗ್ರೆಸ್ ಪೊಲೀಸರಿಗೂ ನಿವೃತ್ತ ಪೊಲೀಸರಿಗೂ ಎಲ್ಲ ರಾಜ್ಯಗಳಲ್ಲಿ ಗನ್ ಒಯ್ಯುವ ಅನುಮತಿ ಕೊಟ್ಟಿತು. ಆಗ ನಿವೃತ್ತರು ಪ್ರತಿವರ್ಷ ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬ ಷರತ್ತು ಹಾಕಿತು. ಇಡೀ ವೃತ್ತಿಜೀವನ ಗನ್ ಹಿಡಿದವರಿಗೇ ಪರೀಕ್ಷೆ ಇರುವಾಗ, ಒಮ್ಮೆಯೂ ಗುರಿಯಿಟ್ಟು ಹಾರಿಸದವರಿಗೆ ಟೈಮ್ಸ್ ಸ್ಕ್ವೇರ್‌ನ ಜನಜಂಗುಳಿಯಲ್ಲಿ ಗನ್ ಹೊತ್ತು ಓಡಾಡಲು ಬಿಡಿ ಎನ್ನುವುದನ್ನು ನಾನು ಒಪ್ಪಲಾರೆ.

ಹಾಗೆಂದು ತನ್ನ ರಾಜ್ಯ ಕೊಟ್ಟ ಕಾಗದವನ್ನು ನಂಬಿ ಬಂದವರನ್ನು ಜೈಲಿಗೆ ತಳ್ಳುವುದೂ ಬೇಡ. ಬೇರೆ ರಾಜ್ಯದ ಸಿಂಧುವಾದ ಪರ್ಮಿಟ್ ಇದ್ದು, ಬೇರೆ ಯಾವ ಅಪರಾಧವನ್ನೂ ಮಾಡದೆ, ಕೇಳಿದಾಗ ನಿಜ ಹೇಳಿದವರಿಗೆ ಮೊದಲ ಸಲ ದಂಡ ಹಾಕಿ ಬಿಡಲಿ. ಬೇಕಿದ್ದರೆ ಗನ್ನನ್ನು ವಶಕ್ಕೆ ಪಡೆದು ಆಮೇಲೆ ಅವರ ರಾಜ್ಯಕ್ಕೆ ಕಳಿಸಲಿ. ಇದನ್ನು ಕಾನೂನಿನಲ್ಲೇ ಬರೆಯಬೇಕು. ಪ್ರಾಸಿಕ್ಯೂಟರ್ ಮನಸ್ಸು ಮಾಡಿದರೆ ಮಾತ್ರ ಸಿಗುವ ಕರುಣೆಯನ್ನು ನೆಚ್ಚಿ ಯಾರೂ ಹೆದ್ದಾರಿಗೆ ಇಳಿಯಲಾಗದು.

1986ರ ಫೆಡರಲ್ ಕಾನೂನಿನಲ್ಲಿ ಪ್ರಯಾಣಿಕರಿಗೆ ಒಂದು ರಕ್ಷಣೆ ಇದೆ. ಗುಂಡು ತೆಗೆದು, ಗನ್ನನ್ನೂ ಗುಂಡುಗಳನ್ನೂ ಕೈಗೆ ಸಿಗದಂತೆ ಟ್ರಂಕಿನಲ್ಲಿಟ್ಟು, ಗನ್ ಇಟ್ಟುಕೊಳ್ಳುವುದು ಕಾನೂನುಬದ್ಧವಾದ ರಾಜ್ಯದಿಂದ ಅಂಥದೇ ಇನ್ನೊಂದು ರಾಜ್ಯಕ್ಕೆ ಹಾದುಹೋಗಬಹುದು. ಸೊಂಟದಲ್ಲಿ ಇಟ್ಟುಕೊಂಡವರಿಗೆ ಇದು ಅನ್ವಯಿಸುವುದಿಲ್ಲ. ಶಾಲೆಯಿಂದ 1,000 ಅಡಿಯೊಳಗೆ ಗನ್ ಒಯ್ಯಬಾರದೆಂಬ ಫೆಡರಲ್ ನಿರ್ಬಂಧದಲ್ಲೂ ಪರ್ಮಿಟ್ಟಿನ ವಿನಾಯಿತಿ ಇರುವುದು ಆ ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸಿಗೆ.

ಇಲ್ಲಿರುವ ನಮ್ಮ ಕನ್ನಡದವರಿಗೆ ಒಂದು ವಿಷಯ ಒತ್ತಿ ಹೇಳಬೇಕು. ಗ್ರೀನ್ ಕಾರ್ಡ್ ಇದ್ದವರು ಗನ್ ಇಟ್ಟುಕೊಳ್ಳಬಹುದು. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾ, ವಿಸಿಟರ್ ವೀಸಾದಲ್ಲಿ ಇರುವವರು, ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿ ಬಿಟ್ಟರೆ, ಫೆಡರಲ್ ಕಾನೂನಿನ ಪ್ರಕಾರ ಗನ್ ಹೊಂದುವಂತಿಲ್ಲ. ಟೆಕ್ಸಸ್‌ನಲ್ಲಿ 2021ರಿಂದ ಪರ್ಮಿಟ್ ಬೇಕಿಲ್ಲ ಎಂಬ ಮಾತು ಕೇಳಿ ಡಲ್ಲಾಸ್‌ನ ಹುಡುಗರು ಮೋಸಹೋಗಬಾರದು. ರಾಜ್ಯದ ಸಡಿಲಿಕೆ ಫೆಡರಲ್ ನಿಷೇಧವನ್ನು ತೆಗೆಯುವುದಿಲ್ಲ. ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮನನ್ನು ಶೂಟಿಂಗ್ ರೇಂಜಿಗೆ ಕರೆದೊಯ್ದು ಕೈಗೆ ಗನ್ ಕೊಟ್ಟು ಫೋಟೊ ಹಾಕುವವರೂ ಇದನ್ನು ದಯವಿಟ್ಟು ಓದಿ. ಆ ಫೋಟೊ ಮುಂದೆ ಅವರ ವೀಸಾಕ್ಕೇ ಕುತ್ತಾಗಬಹುದು.